‘ಹೊಸ ಮಾದರಿ’ ಎಂದರೆ ಯಾವ ಮಾದರಿ, ಸಾಹೇಬರೇ?

ಜಿಲ್ಲೆಯಲ್ಲಿ ಪಂಪ್‌ಸೆಟ್ ಹಂಚುವ ಇಲಾಖೆಯ ಎಂಜಿನಿಯರ್ ಸಾಹೇಬರೇ,

ಇಂಥ ಪತ್ರವನ್ನು ಮಾನ್ಯರೇ ಎಂದು ಶುರು ಮಾಡಬೇಕಂತೆ. ಮಾಡಿದ್ದೇನೆ ಎಂದು ತಿಳಿದುಕೊಳ್ಳಿ. ಈಗ ವಿಷಯಕ್ಕೆ ಬರುತ್ತೇನೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರೂ ಕಡೆಯ ನಿಮ್ಮ ಕಚೇರಿಗಳ ಬೋರ್ಡಿನಲ್ಲಿ ಒಂದು ಕಾಗದ ಅಂಟಿಸಿದ್ದೀರಿ. ‘ಬಂಟ್ವಾಳದ ಅಬೂಬಕ್ಕರ್ ಎಂಬ ಮೆಕ್ಯಾನಿಕನು ಅಜಾಗರೂಕತೆಯಿಂದ ಇಲಾಖೆಯ ಎಂಜಿನನ್ನು ನಾಶಪಡಿಸಿರುವುದರಿಂದ, ಇನ್ನು ಮುಂದೆ ಇಲಾಖೆಯ ಯಾವ ಯಂತ್ರವನ್ನೂ ಆತನಿಂದ ದುರಸ್ತಿ ಮಾಡಿಸತಕ್ಕದ್ದಲ್ಲ.’ ಕೆಳಗೆ ನಿಮ್ಮ ಸಹಿ, ಮೊಹರು. ಆ ಕಾಗದ ಸುಳ್ಳು. ಎಂಜಿನ್ ಒಡೆದದ್ದು ಅಬೂಬಕ್ಕರ್ ಮೇಸ್ತ್ರಿಯಿಂದ ಅಲ್ಲ. ಅದನ್ನು ಒಡೆದದ್ದು ನಾನು, ಮತ್ತು ನೀವು ಅಚ್ಚು ಹಾಕಿಸಿದ ಪುಸ್ತಕ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದ್ದರಿಂದ ಪುಸ್ತಕ ಎಂದರೆ ನನಗೆ ಭಯ, ಭಕ್ತಿ ಎರಡೂ ಇತ್ತು. ಈಗ ಎರಡೂ ಇಲ್ಲ.

ಪುಸ್ತಕದ ಹೆಸರು ನಿಮಗೆ ನೆನಪಿರಬಹುದು. ಇಲ್ಲದಿದ್ದರೆ ನಾನೇ ಹೇಳುತ್ತೇನೆ. ‘ಹೊಸ ಮಾದರಿ ಐದು ಕುದುರೆ ಶಕ್ತಿಯ ಡೀಸೆಲ್ ಎಂಜಿನ್: ಕೈಪಿಡಿ.’ ರಟ್ಟಿನ ಮೇಲೆ ಎಂಜಿನಿನ ಚಿತ್ರ, ಅದರ ಪಕ್ಕ ನಗುವ ರೈತ. ಇಸವಿ ಇಲ್ಲ. ಯಾವ ನಂಬರಿನ ಎಂಜಿನಿಗೆ ಎಂದು ಇಲ್ಲ. ಹೊಸ ಮಾದರಿ, ಅಷ್ಟೆ. ಸಾಹೇಬರೇ, ಹೊಸತು ಎಂದರೆ ಯಾವತ್ತಿನ ಹೊಸತು? ನರಿಕೊಂಬಿನಲ್ಲಿ ನಮ್ಮ ಮನೆಯ ಹೆಸರು ಹೊಸಮನೆ. ನನ್ನ ಅಜ್ಜನ ಅಪ್ಪ ಕಟ್ಟಿಸಿದ್ದು. ಮಾಡಿನ ಮರದ ಪಕ್ಕಾಸುಗಳನ್ನು ಗೆದ್ದಲು ತಿಂದು ಮೂರು ಸಲ ಬದಲಾಯಿಸಿದ್ದೇವೆ, ಪಡುದಿಕ್ಕಿನ ಗೋಡೆ ಎರಡು ಸಲ ಬಿದ್ದಿದೆ. ಆದರೂ ಊರಿನವರಿಗೆ ಅದು ಹೊಸಮನೆಯೇ. ಅದರಿಂದ ಯಾರಿಗೂ ತೊಂದರೆ ಇಲ್ಲ, ಯಾಕೆಂದರೆ ನಮ್ಮ ಮನೆಯ ಹೆಸರು ನೋಡಿ ಯಾರೂ ಪಿಸ್ಟನ್ ಜೋಡಿಸುವುದಿಲ್ಲ.

ನಿಮ್ಮ ಕಂಪೆನಿಯವರು ಐವತ್ತೇಳನೇ ಇಸವಿಯಿಂದ ಈ ಎಂಜಿನನ್ನು ಎರಡು ಸಲ ಒಳಗಿನಿಂದ ಬದಲಾಯಿಸಿದ್ದಾರೆ. ಹೊರಗಿನಿಂದ ನೋಡಿದರೆ ಮೂರೂ ಒಂದೇ. ಮೂರಕ್ಕೂ ಹೆಸರು ಹೊಸ ಮಾದರಿ. ಮೂರಕ್ಕೂ ಬೇರೆ ಬೇರೆ ಪುಸ್ತಕ ಉಂಟು. ಆ ಮೂರು ಪುಸ್ತಕಕ್ಕೂ ಹೆಸರು ಹೊಸ ಮಾದರಿ. ನಾನು ಇದನ್ನು ತಿಳಿದುಕೊಂಡದ್ದು ಎಂಜಿನ್ ಒಡೆದ ಮೇಲೆ, ನಿಮ್ಮದೇ ಡಿಪೋದಲ್ಲಿ. ನಿಮಗೆ ಮೊದಲೇ ಗೊತ್ತಿತ್ತೋ, ಅಥವಾ ನೀವೂ ನನ್ನ ಪತ್ರ ಓದಿಯೇ ತಿಳಿದುಕೊಳ್ಳುತ್ತಿದ್ದೀರೋ, ನನಗೆ ಗೊತ್ತಿಲ್ಲ. ಎರಡರಲ್ಲಿ ಯಾವುದು ಹೆಚ್ಚು ನಾಚಿಕೆಯದ್ದು ಎಂದು ನೀವೇ ತೀರ್ಮಾನ ಮಾಡಿ.

ಇನ್ನು ನಡೆದದ್ದು ಹೇಳುತ್ತೇನೆ. ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ. ನಿಮಗೆ ಅರ್ಥವಾಗಲಿ ಎಂದು ಕನ್ನಡದಲ್ಲಿ ಬರೆದಿದ್ದೇನೆ.

ನರಿಕೊಂಬಿನ ಹೊಳೆಬದಿಯಲ್ಲಿ ಹನ್ನೊಂದು ಒಕ್ಕಲಿನವರು ಸೇರಿ ನಿಮ್ಮ ಇಲಾಖೆಯಿಂದ ತಂದ ಎಂಜಿನ್ ಉಂಟು, ಇತ್ತು. ಬೇಸಿಗೆಯ ಕೊಳಕೆ ಬೆಳೆಗೆ ಹೊಳೆಯಿಂದ ನೀರು ಎತ್ತುವುದಕ್ಕೆ. ಅದನ್ನು ನೋಡಿಕೊಳ್ಳುವವರು ಸಂಕಪ್ಪಣ್ಣ. ಈ ವರ್ಷ ಫೆಬ್ರವರಿಯಲ್ಲಿ ಅದು ಹೊಗೆ ಕಾರತೊಡಗಿತು, ಎಣ್ಣೆ ಕುಡಿಯತೊಡಗಿತು. ಸಂಕಪ್ಪಣ್ಣ ನಮ್ಮ ಶೆಡ್ಡಿಗೆ ಬಂದರು. ಶೆಡ್ಡು ಅಬೂಬಕ್ಕರ್ ಮೇಸ್ತ್ರಿಯದ್ದು, ಬಂಟ್ವಾಳ ಪೇಟೆಯ ಕೆಳಗೆ. ಮೇಸ್ತ್ರಿ ಲಡಾಯಿಯ ಕಾಲದಲ್ಲಿ ಇದ್ದಲು ಉರಿಸಿ ಓಡಿಸುವ ಬಸ್ಸಿನಲ್ಲಿ ಕೆಲಸ ಕಲಿತವರು. ಅಕ್ಷರ ಬಾರದು. ಎಂಜಿನಿನ ಶಬ್ದ ಕೇಳಿ ಒಳಗೆ ಯಾವ ಬೇರಿಂಗು ಸವೆದಿದೆ ಎಂದು ಹೇಳುತ್ತಾರೆ. ನಾನು ಅವರ ಹತ್ತಿರ ಐದು ವರ್ಷದಿಂದ ಇದ್ದೇನೆ.

ಹೊಳೆಬದಿಗೆ ಹೋಗಿ, ಅಲ್ಲಿಯೇ ಎಂಜಿನ್ ಬಿಚ್ಚಿ ಪಿಸ್ಟನಿನ ಉಂಗುರ ಬದಲಾಯಿಸಿದೆವು. ಅದಕ್ಕೆ ಸಿಲಿಂಡರನ್ನು ಎತ್ತಿ ಮತ್ತೆ ಕೂರಿಸಬೇಕು. ಕೂರಿಸುವಾಗ ಅದರ ಅಡಿಗೆ ತೆಳು ತಗಡು ಹಾಕುತ್ತಾರೆ. ತಗಡು ಹೆಚ್ಚಾದರೆ ಪಿಸ್ಟನಿಗೂ ಮೇಲಿನ ಮುಚ್ಚಳಕ್ಕೂ ನಡುವೆ ಜಾಗ ಹೆಚ್ಚು, ಎಂಜಿನ್ ಸ್ಟಾರ್ಟ್ ಆಗುವುದು ಕಷ್ಟ. ಕಡಿಮೆಯಾದರೆ ಪಿಸ್ಟನ್ ಮೇಲೆ ಬಂದು ಮುಚ್ಚಳಕ್ಕೆ ಬಡಿಯುತ್ತದೆ. ಈ ಜಾಗ ಎಷ್ಟಿರಬೇಕು ಎಂಬುದೇ ಎಲ್ಲ. ಮೇಸ್ತ್ರಿ ಇದನ್ನು ಅಳೆಯುವ ಕ್ರಮ ಹೀಗೆ: ಹೊಳೆಯಲ್ಲಿ ಮೀನು ಹಿಡಿಯುವವರ ಬೀಸುಬಲೆಗೆ ಕಟ್ಟುವ ಸೀಸದ ಗುಂಡು ಉಂಟಲ್ಲ, ಅದನ್ನೊಂದು ಪಿಸ್ಟನಿನ ತಲೆಯ ಮೇಲೆ ಇಡುತ್ತಾರೆ. ಮುಚ್ಚಳ ಬಿಗಿದು ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸುತ್ತಾರೆ. ಮುಚ್ಚಳ ಬಿಚ್ಚಿದರೆ ಸೀಸ ಚಪ್ಪಟೆಯಾಗಿರುತ್ತದೆ. ಆ ಚಪ್ಪಟೆಯ ಪಕ್ಕ ಪೋಸ್ಟ್ ಕಾರ್ಡು ಹಿಡಿಯುತ್ತಾರೆ. ನಾಲ್ಕು ಕಾರ್ಡಿನ ದಪ್ಪ ಇರಬೇಕು. ನೀವು ನಗಬಹುದು. ಆ ನಾಲ್ಕು ಕಾರ್ಡಿನಿಂದ ಈ ಮೂರು ಕಡೆ ಎಷ್ಟು ಎಂಜಿನುಗಳು ನಡೆಯುತ್ತಿವೆ ಎಂದು ನಿಮ್ಮ ಫೈಲಿನಲ್ಲಿ ನೋಡಿ, ಆಮೇಲೆ ನಗಿ.

ಅವತ್ತು ನಾಲ್ಕು ಕಾರ್ಡು ಸರಿಯಾಗಿ ಬಂದಿತ್ತು. ನನ್ನ ಕೈಯಲ್ಲಿ ನಿಮ್ಮ ಪುಸ್ತಕ ಇತ್ತು. ಜನವರಿಯಲ್ಲಿ ನಿಮ್ಮ ಇಲಾಖೆಯ ಜೀಪು ಬಂದು ಬಂಟ್ವಾಳದಲ್ಲಿ ಎಲ್ಲ ಮೆಕ್ಯಾನಿಕರಿಗೂ ಹಂಚಿದ್ದು. ಇನ್ನು ಮೇಲೆ ಎಲ್ಲ ಕೆಲಸ ಪುಸ್ತಕದ ಪ್ರಕಾರ ನಡೆಯಬೇಕು, ಅಂದಾಜಿನ ಕೆಲಸ ನಿಲ್ಲಬೇಕು ಎಂದು ನೀವೇ ಭಾಷಣ ಮಾಡಿದ್ದಿರಿ. ನಾನು ಮುಂದಿನ ಸಾಲಿನಲ್ಲಿ ಕೂತು ಕೇಳಿದ್ದೆ. ಪುಸ್ತಕದ ಹದಿನೇಳನೇ ಪುಟದಲ್ಲಿ ಆ ಜಾಗಕ್ಕೆ ಒಂದು ಲೆಕ್ಕ ಕೊಟ್ಟಿದೆ. ಒಂದು ಇಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಇಪ್ಪತ್ತು ಪಾಲು. ಅಂದರೆ ಎರಡು ಪೋಸ್ಟ್ ಕಾರ್ಡು.

“ಮೇಸ್ತ್ರಿ, ಇದು ಡಬ್ಬಲ್ ಆಯಿತು. ಒಂದು ತಗಡು ತೆಗೆಯಬೇಕು” ಎಂದೆ.

“ಎಂತಕ್ಕೆ ತೆಗೆಯುವುದು? ನಾಲ್ಕು ಉಂಟಲ್ಲ, ಸರಿ ಉಂಟು.”

“ಪುಸ್ತಕದಲ್ಲಿ ಎರಡು ಅಂತ ಉಂಟು.”

“ಪುಸ್ತಕ ಈ ಎಂಜಿನನ್ನು ನೋಡಿದೆಯಾ?”

“ಇದು ಹೊಸ ಮಾದರಿ. ಪುಸ್ತಕವೂ ಹೊಸ ಮಾದರಿ. ನಿಮಗೆ ಓದಲಿಕ್ಕೆ ಬರುವುದಿಲ್ಲ, ಅದಕ್ಕೆ ನಾನೆಂತ ಮಾಡಲಿ?”

ಈ ಕೊನೆಯ ಮಾತು ನಾನು ಹೇಳಿದ್ದು. ಸಂಕಪ್ಪಣ್ಣನ ಎದುರು ಹೇಳಿದ್ದು. ಮೇಸ್ತ್ರಿ ಕೈ ಒರೆಸಿಕೊಂಡು ನನ್ನ ಮುಖ ನೋಡಿದರು. ಅವರು ಬೈದಿದ್ದರೆ ನಾನು ಸುಮ್ಮನಾಗುತ್ತಿದ್ದೆ. ಅವರು ಬೈಯಲಿಲ್ಲ.

“ಹಾಗಾದರೆ ತೆಗೆ ಮಾರಾಯ. ಸರಕಾರ ಓದಿದ್ದು, ನೀನೂ ಓದಿದ್ದು. ಓದದವ ನಾನೊಬ್ಬನೇ ಅಲ್ಲವಾ” ಎಂದರು.

ತಗಡು ತೆಗೆದವನು ನಾನು. ನಟ್ಟು ಬಿಗಿದವನು ನಾನು. ಚಕ್ರವನ್ನು ಕೈಯಿಂದ ತಿರುಗಿಸಿದಾಗ ಎಲ್ಲಿಯೂ ತಾಗಲಿಲ್ಲ. ಸ್ಟಾರ್ಟ್ ಮಾಡಿದಾಗಲೂ ತಾಗಲಿಲ್ಲ. ಎರಡು ಗಂಟೆ ಚೆನ್ನಾಗಿ ನಡೆಯಿತು, ನೀರು ಬಂತು, ಸಂಕಪ್ಪಣ್ಣ ಎಲ್ಲರಿಗೂ ಬೆಲ್ಲ, ನೀರು ಕೊಟ್ಟರು. ನಾನು ಪುಸ್ತಕವನ್ನು ಅಂಗಿಯ ಒಳಗೆ ಇಟ್ಟುಕೊಂಡು ಮೆರೆದೆ. ಆಮೇಲೆ ಎಂಜಿನ್ ಕಾದು ಒಳಗಿನ ಕಬ್ಬಿಣ ಹಿಗ್ಗಿತು. ಎರಡು ಕಾರ್ಡಿನ ಜಾಗ ಇಲ್ಲದಾಯಿತು. ಟಕ್ ಟಕ್ ಎಂದಿತು. ಮೇಸ್ತ್ರಿ ಕೂತಲ್ಲಿಂದ ಎದ್ದು “ನಿಲ್ಲಿಸು” ಎಂದು ಓಡಿದರು. ಅವರು ಮುಟ್ಟುವ ಮೊದಲೇ ಪಿಸ್ಟನನ್ನು ಹಿಡಿದಿರುವ ಕನೆಕ್ಟಿಂಗ್ ರಾಡಿನ ಬೋಲ್ಟು ತುಂಡಾಗಿ, ರಾಡು ಎಂಜಿನಿನ ಹೊಟ್ಟೆಯನ್ನು ಒಡೆದುಕೊಂಡು ಹೊರಗೆ ಬಂತು. ಮನುಷ್ಯರಿಗೆ ತಾಗಲಿಲ್ಲ. ಅಷ್ಟು ಪುಣ್ಯ. ಆ ಹನ್ನೊಂದು ಒಕ್ಕಲಿನವರು ಮರುದಿನದಿಂದ ಏತದಲ್ಲಿ ನೀರು ಎತ್ತಿದರು. ಬೆಳೆ ಅರ್ಧ ಉಳಿಯಿತು.

ನಾಲ್ಕನೇ ದಿನ ನೀವು ಜೀಪಿನಲ್ಲಿ ಬಂದಿರಿ. ಕಾಲು ಗಂಟೆ ನಿಂತಿರಿ. ಗದ್ದೆಯ ಕಟ್ಟಹುಣಿಯಿಂದ ಕೆಳಗೆ ಇಳಿಯಲಿಲ್ಲ, ಬೂಟ್ಸಿಗೆ ಕೆಸರಾಗುತ್ತದೆ ಎಂದು ಇರಬಹುದು. “ಯಾರು ಮಾಡಿದ್ದು ಇದನ್ನು?” ಎಂದು ಕೇಳಿದಿರಿ. ನಾನು ಬಾಯಿ ತೆರೆದೆ. ನನ್ನ ಪಾದದ ಮೇಲೆ ಮೇಸ್ತ್ರಿಯ ಪಾದ ಬಂತು. ಒತ್ತಿ ಹಿಡಿದರು. “ನಾನು ಮಾಡಿದ್ದು ಸಾಹೇಬರೇ. ನನ್ನ ಶೆಡ್ಡು, ನನ್ನ ಕೈ” ಎಂದರು. “ಪುಸ್ತಕ ಕೊಟ್ಟಿದ್ದೆವಲ್ಲ, ನೋಡಲಿಲ್ಲವಾ?” ಎಂದು ಕೇಳಿದಿರಿ. “ನನಗೆ ಓದಲು ಬರುವುದಿಲ್ಲ” ಎಂದರು. ನೀವು ತಲೆಯಾಡಿಸಿ ಬರೆದುಕೊಂಡಿರಿ. ಒಬ್ಬ ಮನುಷ್ಯ ಓದಲು ಬಾರದು ಎಂಬ ನಿಜವನ್ನೇ ಹೇಳಿ ಪೂರ್ತಿ ಸುಳ್ಳನ್ನು ಬರೆಸಿದ್ದನ್ನು ನಾನು ನೋಡಿದ್ದು ಅವತ್ತೇ.

ಜೀಪು ಹೋದ ಮೇಲೆ ನಾನು ಕೂಗಾಡಿದೆ. ಮೇಸ್ತ್ರಿ ಹೇಳಿದ್ದು ಇಷ್ಟೇ: “ನಿನಗೆ ಹತ್ತೊಂಬತ್ತು ವರ್ಷ. ನನ್ನದು ಹೇಗೂ ಮುಕ್ಕಾಲು ಮುಗಿಯಿತು. ಬಾಯಿ ಮುಚ್ಚಿಕೊಂಡು ಸಾಮಾನು ಕಟ್ಟು.”

ಬಾಯಿ ಮುಚ್ಚಿಕೊಳ್ಳಲು ನನಗೆ ಬರುವುದಿಲ್ಲ. ಹೆಡ್ಮಾಸ್ತರರನ್ನು ಕೇಳಿ, ಶಾಲೆಯಿಂದ ಹೊರಗೆ ಬಂದದ್ದೇ ಆ ಕಾರಣಕ್ಕೆ. ಮುರಿದ ರಾಡನ್ನು ಗೋಣಿಗೆ ಹಾಕಿಕೊಂಡು ನಾನು ಬಸ್ಸು ಹತ್ತಿದೆ. ಅದಕ್ಕೆ ಮೊದಲು ಒಂದು ಕೆಲಸ ಮಾಡಿದೆ. ಒಡೆದ ಎಂಜಿನಿನ ನಂಬರು ಹುಡುಕಿದೆ. ಇಲ್ಲಿ ನಮ್ಮದೂ ಒಂದು ತಪ್ಪು ಉಂಟು, ಅದನ್ನು ನೀವು ಹೇಳುವ ಮೊದಲು ನಾನೇ ಹೇಳುತ್ತೇನೆ. ನಮ್ಮ ಕಡೆ ಪ್ರತಿ ಆಯುಧಪೂಜೆಗೆ ಎಂಜಿನನ್ನು ತೊಳೆದು, ಬಣ್ಣ ಹೊಡೆದು, ಹೂ ಹಾಕುತ್ತಾರೆ. ಬಣ್ಣ ಹೊಡೆಯುವವರು ಕಂಪೆನಿಯ ಹಿತ್ತಾಳೆ ಫಲಕವನ್ನು ಬಿಟ್ಟು ಹೊಡೆಯುವುದಿಲ್ಲ. ಭಕ್ತಿಯಲ್ಲಿ ಅದಕ್ಕೂ ಬಳಿಯುತ್ತಾರೆ. ಸಂಕಪ್ಪಣ್ಣ ಐದು ವರ್ಷದಿಂದ ದೋಣಿಗೆ ಬಳಿದು ಉಳಿದ ಹಸಿರು ಬಣ್ಣ ಬಳಿದಿದ್ದರು. ಚಾಕುವಿನಿಂದ ಕೆರೆದೆ. ಐದು ಪದರ ಹಸಿರಿನ ಅಡಿಯಲ್ಲಿ ನಂಬರು ಸಿಕ್ಕಿತು: 4137. ಸರಿ, ಸಿಕ್ಕಿತು. ಆದರೆ ಆ ನಂಬರನ್ನು ನಿಮ್ಮ ಪುಸ್ತಕದ ಯಾವ ಪುಟಕ್ಕೆ ಹಿಡಿದು ನೋಡಲಿ? ಎಂಜಿನಿನ ನಂಬರು ಬಣ್ಣದ ಅಡಿಯಲ್ಲಾದರೂ ಇತ್ತು. ಪುಸ್ತಕದಲ್ಲಿ ಕೆರೆಯಲು ಎಂತ ಉಂಟು?

ಬೆಳ್ತಂಗಡಿಯ ನಿಮ್ಮ ಕಚೇರಿಯಲ್ಲಿ ಹಳೆಯ ಪುಸ್ತಕ ಕೇಳಿದೆ. “ಹಳೆಯದು ಅಂತ ಯಾವುದೂ ಇಲ್ಲ, ಎಲ್ಲ ಹೊಸ ಮಾದರಿ” ಎಂದರು. ಹೊರಗೆ ಚಾ ಅಂಗಡಿಯಲ್ಲಿ ಒಬ್ಬರು, ಕಕ್ಕಿಂಜೆಯಲ್ಲಿ ಅದೇ ಕಾಲದ ಎಂಜಿನ್ ಒಂದು ಉಂಟು, ಆಸ್ಯಮ್ಮ ಎಂಬವರದ್ದು ಎಂದರು. ಹೋದೆ. ಆಸ್ಯಮ್ಮನಿಗೆ ಅರವತ್ತು ದಾಟಿದೆ. ಎಂಜಿನಿಗೆ ತಗಡಿನ ಮಾಡು ಹಾಕಿ ದನದ ಹಾಗೆ ಸಾಕಿದ್ದಾರೆ. ಪುಸ್ತಕ ಉಂಟಾ ಎಂದು ಕೇಳಿದೆ.

“ಉಂಟು. ಅಲ್ಲೇ ಕಟ್ಟಿದ್ದೇನೆ ನೋಡು” ಎಂದರು.

ಪುಸ್ತಕವನ್ನು ಮೇಣಬಟ್ಟೆಯಲ್ಲಿ ಸುತ್ತಿ, ತೆಂಗಿನ ನಾರಿನ ಹಗ್ಗದಿಂದ ಎಂಜಿನಿನ ಕಾಲಿಗೆ ಕಟ್ಟಿದ್ದರು.

“ಇಲ್ಲಿ ಯಾಕೆ ಕಟ್ಟಿದ್ದು?”

“ಎರಡೂ ಒಂದೇ ದಿನ ಒಂದೇ ಲಾರಿಯಲ್ಲಿ ಬಂದದ್ದು. ನನಗೆ ಓದಲು ಬರುವುದಿಲ್ಲ ಮಗ. ಇದು ಯಾವುದರದ್ದು ಅಂತ ನಾಳೆ ನಾನು ಹೇಗೆ ಹೇಳಲಿ? ಅದಕ್ಕೆ ಕಟ್ಟಿ ಹಾಕಿದೆ. ನೀನು ನೋಡಿ ಅಲ್ಲೇ ಕಟ್ಟು. ಒಳಗೆ ಕೊಂಡುಹೋಗಬೇಡ.”

ಅಲ್ಲಿಯೇ ಕುಕ್ಕರಗಾಲಿನಲ್ಲಿ ಕೂತು ಓದಿದೆ. ರಟ್ಟಿನ ಮೇಲೆ ಅದೇ ಹೊಸ ಮಾದರಿ, ಅದೇ ನಗುವ ರೈತ. ಹದಿನೇಳನೇ ಪುಟದಲ್ಲಿ ಸಾವಿರದಲ್ಲಿ ನಲವತ್ತು ಪಾಲು. ನಾಲ್ಕು ಕಾರ್ಡು. ಅಬೂಬಕ್ಕರ್ ಮೇಸ್ತ್ರಿ ಹೇಳಿದ ನಾಲ್ಕು ಕಾರ್ಡು. ಆಸ್ಯಮ್ಮನ ಎಂಜಿನಿನ ನಂಬರು 4162, ನಮ್ಮದಕ್ಕೆ ಇಪ್ಪತ್ತೈದು ನಂಬರಿನ ಅಂತರ. ಒಂದೇ ಹೊಟ್ಟೆಯ ಮಕ್ಕಳು. ನಾನು ಅಲ್ಲಿ ಎಷ್ಟು ಹೊತ್ತು ಕೂತೆ ಗೊತ್ತಿಲ್ಲ. “ಎಂತ ಮಗ, ಪುಸ್ತಕದಲ್ಲಿ ಯಾರಾದರೂ ತೀರಿಕೊಂಡದ್ದಾ?” ಎಂದು ಆಸ್ಯಮ್ಮ ಕೇಳಿದರು. ಗಂಜಿ ಬಡಿಸಿದರು. ಹಗ್ಗವನ್ನು ನಾನು ಕಟ್ಟಿದ ಮೇಲೆ ಒಮ್ಮೆ ಎಳೆದು ನೋಡಿದರು.

ಮರುದಿನ ವೇಣೂರಿನ ದಾರಿಯಾಗಿ ಮೂಡುಬಿದಿರೆಗೆ ಹೋದೆ. ಪುಸ್ತಕಗಳ ಕಟ್ಟು ಇರುವುದು ಅಲ್ಲಿಯ ನಿಮ್ಮ ಡಿಪೋದಲ್ಲಿ. ಗುಮಾಸ್ತರು ಒಳ್ಳೆಯವರು, ನನ್ನನ್ನು ಹೊರಗೆ ಹಾಕಲಿಲ್ಲ, ಗೋಣಿಯಲ್ಲಿ ಕಬ್ಬಿಣ ಇದ್ದದ್ದರಿಂದಲೂ ಇರಬಹುದು. ಕಪಾಟಿನಿಂದ ಕಂಪೆನಿಯ ಇಂಗ್ಲಿಷ್ ಪುಸ್ತಕ ತೆಗೆದು ತೋರಿಸಿದರು. ಇಂಗ್ಲಿಷ್ ನನಗೆ ಬಾರದು. ಅಂಕೆ ಬರುತ್ತದೆ. ಮೊದಲನೇ ಪುಟದಲ್ಲಿಯೇ, ದಪ್ಪ ಅಕ್ಷರದಲ್ಲಿ, 7001 ಎಂದು ಇತ್ತು.

“ಇದೆಂತ ಸಾರ್?”

“ಏಳು ಸಾವಿರದ ಒಂದನೇ ನಂಬರಿನಿಂದ ಮುಂದಿನ ಎಂಜಿನಿಗೆ ಮಾತ್ರ ಅಂತ.”

“ಕನ್ನಡದ ಪುಸ್ತಕದಲ್ಲಿ ಇದು ಎಲ್ಲಿ ಉಂಟು?”

ಅವರು ತಿರುವಿ ನೋಡಿದರು. ರಟ್ಟು ನೋಡಿದರು, ಹಿಂಬದಿ ನೋಡಿದರು. “ಇಲ್ಲ. ಅನುವಾದ ಮಾಡಿಸುವಾಗ ಬಿಟ್ಟದ್ದು. ರೈತರಿಗೆ ಅದೆಲ್ಲ ಎಂತಕ್ಕೆ, ಸುಮ್ಮನೆ ಗೊಂದಲ ಆಗುತ್ತದೆ ಅಂತ ಮೇಲಿನಿಂದ ಹೇಳಿದ್ದರು.”

ಸಾಹೇಬರೇ, ಆ ಮೇಲಿನವರು ಯಾರು? ಇಂಗ್ಲಿಷ್ ಓದುವವನಿಗೆ ನಂಬರು ಬೇಕು, ಕನ್ನಡ ಓದುವವನಿಗೆ ನಗುವ ರೈತನ ಚಿತ್ರ ಸಾಕು ಎಂದು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ? ನಂಬರು ಓದಿದರೆ ನಮಗೆ ಗೊಂದಲವಾಗುತ್ತದೆ ಎಂದು ಅದನ್ನು ತೆಗೆದಿರಿ. ಈಗ ಗೊಂದಲ ಇಲ್ಲ. ಎಂಜಿನ್ ಒಡೆದಿದೆ, ಸ್ಪಷ್ಟವಾಗಿ ಕಾಣುತ್ತದೆ. ನಂಬರು ಇದ್ದಿದ್ದರೆ ನಾನು ಚಾಕು ಹಿಡಿದು ಬಣ್ಣ ಕೆರೆಯುತ್ತಿದ್ದೆ, ರಾಡು ಮುರಿದ ಮೇಲೆ ಅಲ್ಲ, ತಗಡು ತೆಗೆಯುವ ಮೊದಲು. ಒಂದು ಸಾಲು. ಅಚ್ಚುಮೊಳೆಯಲ್ಲಿ ಎಷ್ಟು ಜಾಗ ಬೇಕು ಅದಕ್ಕೆ? ರೈತನ ಹಲ್ಲುಗಳಿಗಿಂತ ಕಡಿಮೆ ಜಾಗ ಸಾಕು.

ಇನ್ನು ನಿಮ್ಮ ಬೋರ್ಡಿನ ಕಾಗದದ ವಿಷಯ. ಈ ಮೂರು ಕಡೆಯ ಎಂಜಿನುಗಳಲ್ಲಿ ಹತ್ತಕ್ಕೆ ಒಂಬತ್ತು ನಿಮ್ಮ ಇಲಾಖೆಯವು. ಅವುಗಳನ್ನು ಮುಟ್ಟಬಾರದು ಎಂದರೆ ಮೇಸ್ತ್ರಿಯ ಕೈ ಕಟ್ಟಿದ ಹಾಗೆ. ಈಗ ಅವರು ಶೆಡ್ಡಿನ ಎದುರು ಕೂತು ಪೆಟ್ರೋಮ್ಯಾಕ್ಸ್ ದೀಪ ರಿಪೇರಿ ಮಾಡುತ್ತಾರೆ. ಶಬ್ದ ಇಲ್ಲದ ಕೆಲಸ. ಮೊನ್ನೆ ನಾವಿಬ್ಬರೂ ನಿಮ್ಮ ಬಂಟ್ವಾಳದ ಕಚೇರಿಯ ಎದುರು ಹಾದುಹೋಗುವಾಗ ನಿಂತು, “ಅದರಲ್ಲಿ ಎಂತ ಬರೆದಿದ್ದಾರೆ, ಪೂರ್ತಿ ಓದು” ಎಂದರು. ನಾನು ಪೂರ್ತಿ ಓದಿದೆ. ಒಂದು ಶಬ್ದವನ್ನೂ ಬಿಡಲಿಲ್ಲ. ನಿಮ್ಮ ಹಾಗೆ ಬಿಡುವುದು ನನಗೆ ಗೊತ್ತಿಲ್ಲ. ಅವರು ಕಾಗದ ನೋಡುತ್ತಲೇ ಕೇಳಿದರು.

“ಯಾವ ಅಬೂಬಕ್ಕರ್ ಅಂತ ಬರೆಯಲಿಲ್ಲವಾ?”

“ಇಲ್ಲ. ಬಂಟ್ವಾಳದ ಅಬೂಬಕ್ಕರ್, ಅಷ್ಟೇ.”

“ಪಾಪ, ಉಳಿದವರು” ಎಂದರು.

ನೀವು ಪರವೂರಿನವರು, ನಿಮಗೆ ಗೊತ್ತಿಲ್ಲ. ಬಂಟ್ವಾಳ ಪೇಟೆಯಲ್ಲಿ ಐದು ಮಂದಿ ಅಬೂಬಕ್ಕರ್ ಇದ್ದಾರೆ. ಅವರಲ್ಲಿ ಇಬ್ಬರು ಮೆಕ್ಯಾನಿಕರು. ಇನ್ನೊಬ್ಬರು ಕಲ್ಲಡ್ಕದ ಕಡೆ ಲಾರಿ ನೋಡುವವರು, ನಿಮ್ಮ ಎಂಜಿನನ್ನು ಕಣ್ಣಿನಿಂದಲೂ ಮುಟ್ಟಿದವರಲ್ಲ. ಅವರ ಶೆಡ್ಡಿಗೂ ಈಗ ಜನ ಬರುವುದಿಲ್ಲ. ಎಂಜಿನಿಗೆ ಮಾಡಿದ್ದನ್ನೇ ಮನುಷ್ಯರಿಗೂ ಮಾಡಿದ್ದೀರಿ. ಹೆಸರು ಹಾಕಿದ್ದೀರಿ, ಯಾವುದು ಎಂದು ಹೇಳಲಿಲ್ಲ.

ನಾನು ಕೇಳುವುದು ಎರಡೇ. ಮಳೆಗಾಲ ಕಳೆದು ಎಂಜಿನುಗಳನ್ನು ಮತ್ತೆ ಬಿಚ್ಚುವ ಮೊದಲು, ಡಿಪೋದಲ್ಲಿ ಇರುವ ಪ್ರತಿ ಪುಸ್ತಕದ ರಟ್ಟಿನ ಮೇಲೆ ಎಷ್ಟನೇ ನಂಬರಿನಿಂದ ಎಷ್ಟನೇ ನಂಬರಿನವರೆಗಿನ ಎಂಜಿನಿಗೆ, ಯಾವ ಇಸವಿಯದ್ದು ಎಂದು ಬರೆಸಿ. ಅಚ್ಚು ಹಾಕಿಸಲು ಸಮಯ ಇಲ್ಲದಿದ್ದರೆ ನನ್ನನ್ನು ಕರೆಯಿರಿ, ನಾನೇ ಬಂದು ಒಂದೊಂದಕ್ಕೂ ಶಾಯಿಯಲ್ಲಿ ಬರೆಯುತ್ತೇನೆ. ಅಕ್ಷರ ಚೆನ್ನಾಗಿಲ್ಲ, ಅಂಕೆ ಸರಿ ಉಂಟು. ಅದೂ ಆಗದಿದ್ದರೆ ಕಕ್ಕಿಂಜೆಗೆ ಹೋಗಿ ಆಸ್ಯಮ್ಮನ ಹತ್ತಿರ ಒಂದು ತುಂಡು ಹಗ್ಗ ಕೇಳಿ.

ಎರಡನೆಯದು, ಆ ಮೂರು ಕಾಗದಗಳನ್ನು ಹರಿದು ತೆಗೆಯಿರಿ. ಬೋರ್ಡು ಖಾಲಿ ಕಾಣುವುದು ನಿಮಗೆ ಇಷ್ಟವಿಲ್ಲದಿದ್ದರೆ ಅಲ್ಲಿ ನನ್ನ ಹೆಸರು ಹಾಕಿ. ಈ ಪತ್ರ ಬರೆದದ್ದು ಮೇಸ್ತ್ರಿಗೆ ಗೊತ್ತಿಲ್ಲ. ಪೇಪರಿಗೂ ಒಂದು ಪ್ರತಿ ಕಳಿಸಿದ್ದೇನೆ, ಅದರಲ್ಲಿ ಬಂದರೆ ಯಾರಾದರೂ ಓದಿ ಹೇಳುತ್ತಾರೆ, ಆಗ ನನಗೆ ಬೈಗುಳ ಉಂಟು. ಈ ಸಲ ಅವರು ನನ್ನ ಕಾಲು ಮೆಟ್ಟುವಷ್ಟು ಹತ್ತಿರ ನಾನು ನಿಂತಿಲ್ಲ. ಹೆಸರು ಹಾಕುವಾಗ ಮಾತ್ರ ಜಾಗ್ರತೆ. ಕೆಳಗೆ ಇರುವುದನ್ನು ಪೂರ್ತಿ ಬರೆಯಿರಿ, ಅರ್ಧದಲ್ಲಿ ಬಿಡಬೇಡಿ.

ಇಂತಿ, ಪುಸ್ತಕವನ್ನು ನಂಬಿ 4137ನೇ ನಂಬರಿನ ಎಂಜಿನ್ ಒಡೆದವನು,
ಶೇಖರ, ತುಕ್ರಪ್ಪನವರ ಎರಡನೇ ಮಗ, ವಯಸ್ಸು ಹತ್ತೊಂಬತ್ತು,
ಹೊಸಮನೆ ಎಂಬ ಹಳೆಯ ಮನೆ, ನರಿಕೊಂಬು.
ಏಪ್ರಿಲ್ 1964.

ಬಂಟ್ವಾಳದಲ್ಲಿ ಬೇರೆ ಶೇಖರಂದಿರೂ ಇದ್ದಾರೆ. ಅವರು ಏನೂ ಮಾಡಿಲ್ಲ.